ತಿರುಗದ ಗಾಲಿ

ಇವತ್ತು ಒಬ್ಬಳೇ ಒಸಾಕಾದಿಂದ ರೈಲು ಹತ್ತಿ ಕ್ಯೋಟೋಗೆ ಹೋಗಿ ಬಂದೆ. ಗಿಯೋನ್ ಹಬ್ಬ, ಜುಲೈ 17ರ ತೇರುಗಳ ಮೆರವಣಿಗೆ.

ಶಿಜೋ ಕವರಾಮಾಚಿ ಸರ್ಕಲ್ಲಿನಲ್ಲಿ ಎರಡು ಗಂಟೆ ನಿಂತಿದ್ದೆ. ಬಿಸಿಲು ಅಂದ್ರೆ ಅಂಥಿಂಥ ಬಿಸಿಲಲ್ಲ.

ಆದರೆ ಆ ತಿರುವು ನೋಡಿದೆನಲ್ಲ, ಸಾಕು.

ಈ ತೇರಿನ ಗಾಲಿಗಳು ನೇರಕ್ಕೆ ಉರುಳುತ್ತವೆ ಅಷ್ಟೇ, ಪಕ್ಕಕ್ಕೆ ತಿರುಗುವುದಿಲ್ಲ. ತೂಕ ನೋಡಿದರೆ ಹತ್ತು ಟನ್ನಿಗೂ ಜಾಸ್ತಿ. ಅದಕ್ಕೇ ಬಿದಿರಿನ ಸೀಳುಗಳನ್ನು ಗಾಲಿಯ ಕೆಳಗೆ ಹಾಸಿದರು. ಮೇಲೆ ನೀರು ಸುರಿದರು. ಹಗ್ಗ ಹಿಡಿದವರು ಪಕ್ಕಕ್ಕೆ ಬಂದರು. ತೇರಿನ ಮುಂದೆ ಬೀಸಣಿಗೆ ಹಿಡಿದಿದ್ದ ಇಬ್ಬರು ನಾಲ್ವರಾದರು. "ಎನ್‌ಯಾರಾ ಯಾ!" ಅಂತ ಬೀಸಣಿಗೆ ಚಾಚಿದ್ದೇ ತಡ...

ಆ ಸದ್ದು! ಬಿದಿರು ಕರಕರ ಅಂದಿತು. ಇಡೀ ತೇರು ಸರ್ರನೆ ಒಂದಿಷ್ಟು ಜಾರಿತು. ತುದಿಯ ಕಂಬ ತೂಗಾಡಿತು. ಮತ್ತೆ ಬಿದಿರು ಜೋಡಿಸಿದರು, ಮತ್ತೆ ನೀರು, ಮತ್ತೆ ಕೂಗು. ಪೂರ್ತಿ ತಿರುಗಿದಾಗ ಪಕ್ಕದಲ್ಲಿದ್ದ ಅಜ್ಜಿ ಚಪ್ಪಾಳೆ ತಟ್ಟುತ್ತಾ ನನ್ನ ಕಡೆ ನೋಡಿ ನಕ್ಕರು. ನನ್ನ ಕಣ್ಣು ಒದ್ದೆಯಾಗಿತ್ತು.

869ರಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಶುರುವಾದ ಹಬ್ಬ ಇದು. ತಿರುಗುವ ಗಾಲಿ ಹಾಕುವುದು ಈ ಕಾಲದಲ್ಲಿ ಏನು ಕಷ್ಟ, ಅಲ್ವಾ? ಹಾಕಿಲ್ಲ. ನನಗೆ ಅದೇ ತುಂಬಾ ಇಷ್ಟವಾಯಿತು. ತಿರುವು ಬಂದಾಗ ಎಲ್ಲರೂ ನಿಲ್ಲಬೇಕು, ಬಗ್ಗಬೇಕು, ಕೈ ಹಾಕಬೇಕು. ನಮ್ಮೂರ ತೇರಿನ ಗಾಲಿಗೆ ಸನ್ನೆಕೋಲು ಕೊಡುತ್ತಿದ್ದ ಅಜ್ಜ ನೆನಪಾದರು. ಅವರ ಅಂಗೈ ಎಷ್ಟು ಒರಟಾಗಿತ್ತು!

ತೇರು ಮುಂದೆ ಹೋಯಿತು. ಬಿದಿರು ಎತ್ತಿಕೊಂಡ ಜಾಗದಲ್ಲಿ ರಸ್ತೆ ಇನ್ನೂ ಒದ್ದೆಯಾಗಿತ್ತು. ಒಣಗುವವರೆಗೂ ಸುಮ್ನೆ ನೋಡುತ್ತಾ ನಿಂತಿದ್ದೆ.