ಹುಡುಗರ ಕೈಗೆ ಒಲೆ ಕೊಟ್ಟ ಮೇಷ್ಟ್ರು

ನಮ್ಮ ಸ್ಕೌಟ್ ಮೇಷ್ಟ್ರು ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಶಾಲೆಯ ದಾಖಲೆಯಲ್ಲಿ ಅವರು ಹಿಂದಿ ಶಿಕ್ಷಕರು. ಎಂಟನೇ ತರಗತಿಯ ಹಿಂದಿ ಪುಸ್ತಕದಲ್ಲಿ ಯಾವ ಪಾಠಗಳಿದ್ದವು ಎಂದು ಕೇಳಿದರೆ ನನಗಾಗಲಿ ನನ್ನ ಜೊತೆಯವರಿಗಾಗಲಿ ಒಂದೂ ನೆನಪಿಗೆ ಬರುವುದಿಲ್ಲ. ಆದರೆ ಗಾಳಿಗೆ ಬೆನ್ನು ಕೊಟ್ಟು ಕೂತು ಎರಡೇ ಬೆಂಕಿಕಡ್ಡಿಯಲ್ಲಿ ಒಲೆ ಹೊತ್ತಿಸುವುದನ್ನು ಅವರು ಕಲಿಸಿದ್ದು ಇವತ್ತಿಗೂ ಕೈ ಬಿಟ್ಟಿಲ್ಲ. ಮೊದಲು ಒಣಗಿದ ತೆಂಗಿನ ನಾರು, ಅದರ ಮೇಲೆ ಪುರಲೆ ಕಡ್ಡಿ, ಆಮೇಲೆ ಸೌದೆ. ಮೂರನೇ ಕಡ್ಡಿ ಗೀರಿದವರು ಆ ಪರೀಕ್ಷೆಯಲ್ಲಿ ನಪಾಸು.

ನಾನು ಶಾಲೆಯ ಸ್ಕೌಟ್ ದಳಕ್ಕೆ ಸೇರಿದ್ದು 1984ರಲ್ಲಿ. ಅಪ್ಪ ಹರಿಹರದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ಯೂನಿಫಾರಂ, ಸ್ಕಾರ್ಫ್, ಬೆಲ್ಟು ಅಂದ ಕೂಡಲೇ ಬೇಡವೇ ಬೇಡ ಅಂದುಬಿಟ್ಟರು. ಮೇಷ್ಟ್ರು ಸಂಜೆ ಸೈಕಲ್ ತುಳಿದುಕೊಂಡು ನಮ್ಮನೆಗೇ ಬಂದರು. "ಸ್ಕಾರ್ಫ್ ಕಟ್ಕಂಡು ಸಲಾಮು ಹೊಡದ್ರೆ ಹೊಟ್ಟಿ ತುಂಬತತೇನ್ರಿ ಮೇಷ್ಟ್ರೇ?" ಎಂದು ಅಪ್ಪ ಕೇಳಿದರು. "ತುಂಬಲ್ಲ. ಆದ್ರೆ ಅಡಿಗಿ ಮಾಡದು ಕಲೀತಾನ" ಅಂದರು ಮೇಷ್ಟ್ರು. ಅವ್ವ ಒಳಗಿನಿಂದ ನಕ್ಕಳು. ಅಲ್ಲಿಗೆ ಮಾತು ಮುಗಿಯಿತು. ಯೂನಿಫಾರಂ ಅವರ ಟ್ರಂಕಿನಿಂದಲೇ ಬಂತು. ಎಸ್ಸೆಸ್ಸೆಲ್ಸಿ ಮುಗಿಸಿ ಹೋದವರ ಬಟ್ಟೆಗಳನ್ನು ಒಗೆಸಿ, ಮಡಿಸಿ, ನುಸಿಗುಳಿಗೆ ಹಾಕಿ ಇಟ್ಟಿರುತ್ತಿದ್ದರು.

ಮಳೆ ಬಂದು ಮೈದಾನ ಕೆಸರಾದ ದಿನ ಕಥೆ ಹೇಳುತ್ತಿದ್ದರು. 1909ರಲ್ಲಿ ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ ಎಂದು ಎದೆಯುಬ್ಬಿಸಿ ಹೇಳುವರು. ಮರುಕ್ಷಣವೇ, ಆಗ ಅದರಲ್ಲಿ ನಮ್ಮ ಹುಡುಗರಿಗೆ ಜಾಗವಿರಲಿಲ್ಲ, ಬ್ರಿಟಿಷರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ ಎಂದು ದನಿ ಬಿಗಿ ಮಾಡುವರು. ಆಮೇಲೆ ಆನಿ ಬೆಸೆಂಟ್ ಅವರು ಮದ್ರಾಸಿನಲ್ಲಿ ನಮ್ಮ ಮಕ್ಕಳಿಗೆಂದೇ ದಳ ಕಟ್ಟಿದ್ದು, ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ರಂದು ಬೇರೆ ಬೇರೆ ಸ್ಕೌಟ್ ಸಂಘಗಳು ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು. "ಹೊರಗೆ ನಿಲ್ಲಿಸಿದ್ರು ಅಂತ ಯಾರೂ ಮನೀಗೆ ಹೋಗಲಿಲ್ಲ, ನೆನಪಿರ್ಲಿ" ಎನ್ನುತ್ತಿದ್ದರು. ಹಮಾಲರ, ಬೀಡಿ ಕಟ್ಟುವವರ ಮಕ್ಕಳಾದ ನಮಗೆ ಆ ಮಾತು ನೇರ ನಾಟುತ್ತಿತ್ತು.

ಶಿಬಿರವೆಂದರೆ ಕೊಂಡಜ್ಜಿ. ಹರಿಹರ ತಾಲ್ಲೂಕಿನದೇ ಊರು, ಕೆರೆ, ಸುತ್ತ ಗುಡ್ಡ, ಅಲ್ಲೇ ಸ್ಕೌಟ್ ತರಬೇತಿ ಕೇಂದ್ರ. ಒಂದು ಚಳಿಗಾಲದ ಶಿಬಿರದಲ್ಲಿ ಜಾಡು ಹಿಡಿಯುವ ಆಟ ಇಟ್ಟರು. ದಳದೊಳಗಿನ ಸಣ್ಣ ಗುಂಪಿಗೆ ಪ್ಯಾಟ್ರೋಲ್ ಎನ್ನುತ್ತಾರೆ. ನಮ್ಮ ಹುಲಿ ಪ್ಯಾಟ್ರೋಲ್ ಮುಂದೆ ಹೋಗಿ ಗುರುತು ಹಾಕಬೇಕು, ಕೋಗಿಲೆ ಪ್ಯಾಟ್ರೋಲ್ ಅದನ್ನು ನೋಡಿಕೊಂಡು ಹಿಂದೆ ಬರಬೇಕು. ಬಾಣ ಹಾಕಿದರೆ ಈ ದಾರಿ, ಕತ್ತರಿ ಹಾಕಿದರೆ ಇದು ಬೇಡ, ವೃತ್ತ ಬರೆದು ನಡುವೆ ಚುಕ್ಕಿ ಇಟ್ಟರೆ ‘ಆಟ ಮುಗಿಯಿತು, ನಾವು ಮನೆಗೆ ಹೋದೆವು’ ಎಂದು. ಕಾಲುವೆ ಏರಿಯ ಮೇಲೆ ಹೋಗುವಾಗ ಆಲೆಮನೆಯ ವಾಸನೆ ಬಂತು. ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ವಾಸನೆ ಬಂದ ಮೇಲೆ ಹದಿಮೂರು ವರ್ಷದ ಹುಡುಗರನ್ನು ಯಾವ ನಿಯಮ ತಡೆದೀತು? ಕಲ್ಲಿನ ಮೇಲೆ ಸೀಮೆಸುಣ್ಣದಿಂದ ದುಂಡಗೆ ವೃತ್ತ ಬರೆದು, ಚುಕ್ಕಿ ಇಟ್ಟು, ಆಲೆಮನೆಗೆ ಓಡಿದೆವು. ಕೋಗಿಲೆಯವರು ಗುರುತು ನೋಡಿ ಶಿಸ್ತಾಗಿ ಡೇರೆಗೆ ಮರಳಿದರು.

ಆಲೆಮನೆ ಯಜಮಾನರು ಕಬ್ಬಿನ ಜಲ್ಲೆಯನ್ನು ಪಾಕದಲ್ಲಿ ಅದ್ದಿ ಅದ್ದಿ ಕೊಟ್ಟರು. ನಾವು ವಾಪಸು ಬಂದಾಗ ಮೇಷ್ಟ್ರು ಏನೂ ಕೇಳಲಿಲ್ಲ. ಸಾಲಾಗಿ ನಿಲ್ಲಿಸಿ ಸ್ಕಾರ್ಫ್ ಬಿಚ್ಚಿಸಿದರು. ನನ್ನದು ಮಡಿಕೆ ಬಿಡಿಸಲಾಗದಷ್ಟು ಅಂಟಿಕೊಂಡಿತ್ತು, ಇರುವೆ ಬೇರೆ ಹತ್ತಿದ್ದವು. "ಕೀನ್ಯಾ ದೇಶದಾಗೆ ಸ್ಕೌಟು ಹುಟ್ಟುಹಾಕಿದ ಬೇಡನ್ ಪೊವೆಲ್ ಸಮಾಧಿ ಮ್ಯಾಲೆ ಇರೋದು ಇದೇ ಗುರುತು. ನೀವು ಬೆಲ್ಲಕ್ಕೆ ಮಾರಿದ್ರಲ್ರೋ" ಎಂದರು. ಮರುದಿನ ಬೆಳಗ್ಗೆ ನಮ್ಮನ್ನು ಆಲೆಮನೆಗೆ ಕರೆದೊಯ್ದು, ತಾವೂ ಪಂಚೆ ಮೇಲೆ ಕಟ್ಟಿ, ಬಿಸಿಲೇರುವ ತನಕ ಕಬ್ಬಿನ ಸಿಪ್ಪೆ ಹೊರಿಸಿದರು. ಯಜಮಾನರು ಖುಷಿಯಾಗಿ ಒಂದು ಅಚ್ಚು ಬೆಲ್ಲ ಕೊಟ್ಟರು. ಅವತ್ತಿನ ಶಿಬಿರಾಗ್ನಿಗೆ ಗೋಧಿ ಪಾಯಸ. ಕೋಗಿಲೆಯವರಿಗೆ ಮೊದಲು ಬಡಿಸಿದ್ದು ನಾವು.

ಆದರೆ ಅವರ ನಿಜವಾದ ಪಾಠ ನಡೆದದ್ದು ಹರಿಹರೇಶ್ವರನ ತೇರಿನಲ್ಲಿ. ಹಗ್ಗ ಹಿಡಿದು ಜನರನ್ನು ಸಾಲಿಗೆ ನಿಲ್ಲಿಸುವುದು ದೊಡ್ಡವರಿಗೆ, ನೀರು ಕೊಡುವುದು ಚಿಕ್ಕವರಿಗೆ, ತಪ್ಪಿಸಿಕೊಂಡ ಮಕ್ಕಳ ಡೇರೆ ನನಗೆ. "ಮಗು ಅಳ್ತಾ ಬಂದ್ರೆ ಹೆಸರು ಕೇಳಬ್ಯಾಡ. ಮೊದ್ಲು ನೀರು ಕೊಡು, ಕೂರಿಸು, ನೀನೂ ಕೆಳಗೆ ಕೂತ್ಕ" ಎಂದಷ್ಟೇ ಹೇಳಿ ಹೊರಟುಹೋದರು. ಪೀಪಿ ಹಿಡಿದ ಒಂದು ಹೆಣ್ಣುಮಗು ಊರು ಹೇಳದೆ, ಅಪ್ಪನ ಹೆಸರು ಹೇಳದೆ ಬಿಕ್ಕುತ್ತಿತ್ತು. ನೀರು ಕುಡಿಸಿ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅದಾಗಿಯೇ "ನಮ್ಮ ಎತ್ತಿನ ಕೊಂಬಿಗೆ ಕೆಂಪು ಬಣ್ಣ" ಅಂತು. ಗಾಡಿ ಬಿಟ್ಟ ಜಾಗಕ್ಕೆ ಹುಡುಗನೊಬ್ಬನನ್ನು ಓಡಿಸಿದೆ. ಕೆಂಪು ಕೊಂಬಿನ ಜೋಡಿಯ ಹತ್ತಿರ ತಾಯಿ ಎದೆ ಬಡಿದುಕೊಂಡು ನಿಂತಿದ್ದಳು.

ಮುಂದೆ ಕಂದಾಯ ಇಲಾಖೆ ಸೇರಿದೆ. 2009ರ ನೆರೆಯಲ್ಲಿ ಬಾಗಲಕೋಟೆ ಜಿಲ್ಲೆಯ ಪರಿಹಾರ ಕೇಂದ್ರವೊಂದು ನನ್ನ ಉಸ್ತುವಾರಿಗೆ ಬಂತು. ಮನೆ ಕಳೆದುಕೊಂಡು ಬಂದವರ ಮುಂದೆ ಅರ್ಜಿ ನಮೂನೆ ಹಿಡಿಯಬೇಡಿ, ಮೊದಲು ನೀರು, ಚಾಪೆ, ಆಮೇಲೆ ಹೆಸರು ಎಂದು ಸಿಬ್ಬಂದಿಗೆ ಹೇಳಿದೆ. ನಮ್ಮ ಕೇಂದ್ರದಲ್ಲಿ ಗಲಾಟೆಯಾಗಲಿಲ್ಲ ಎಂದು ಮೇಲಧಿಕಾರಿಗಳು ಸಭೆಯಲ್ಲಿ ಹೇಳಿದಾಗ ಹೆಮ್ಮೆಪಟ್ಟೆ. ರಾತ್ರಿಯೇ ಮೇಷ್ಟ್ರಿಗೆ ಫೋನ್ ಮಾಡಿ ತಿಳಿಸಿದೆ.

ಈಗಲೂ ಶಾಲೆಗಳಲ್ಲಿ ದಳಗಳಿವೆ. ಮಕ್ಕಳು ಇಸ್ತ್ರಿ ಮುರಿಯದ ಸಮವಸ್ತ್ರದಲ್ಲಿ ಅತಿಥಿಗಳಿಗೆ ಹೂಗುಚ್ಛ ಕೊಡುತ್ತಾರೆ, ಚೆಂದ ಕಾಣುತ್ತಾರೆ. ಒಬ್ಬ ಹುಡುಗನನ್ನು ಯಾಕೆ ಸೇರಿದೆಯಪ್ಪಾ ಎಂದು ಕೇಳಿದೆ. ರೈಲ್ವೆಯಲ್ಲಿ ಸ್ಕೌಟ್ಸ್ ಕೋಟಾ ಇದೆಯಲ್ಲ ಸಾರ್ ಅಂದ. ಅದರಲ್ಲಿ ತಪ್ಪಿಲ್ಲ, ಬಡವರ ಮಕ್ಕಳಿಗೆ ಕೆಲಸ ಬೇಕು. ಆದರೆ ಅವನು ಒಮ್ಮೆಯೂ ಒಲೆ ಹೊತ್ತಿಸಿರಲಿಲ್ಲ. ಸುಟ್ಟುಕೊಂಡರೆ ಯಾರು ಹೊಣೆ ಎಂಬ ಭಯ ಎಲ್ಲರಿಗೂ. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಗಳ ನಡುವೆ ಅವರಿಗೆ ಸಂಜೆಗಳೇ ಉಳಿದಿಲ್ಲ.

2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಜಾಂಬೂರಿಗೆ, ಅಂದರೆ ಸ್ಕೌಟ್-ಗೈಡ್ ಮಕ್ಕಳ ಮಹಾಮೇಳಕ್ಕೆ ಹೋಗಿದ್ದೆ. ಕಣ್ಣು ಹಾಯಿಸಿದಷ್ಟೂ ಮಕ್ಕಳು. ಸಂಭ್ರಮ ತಡೆಯಲಾರದೆ ಅಲ್ಲಿಂದಲೇ ಮೇಷ್ಟ್ರಿಗೆ ಫೋನ್ ಹಚ್ಚಿದೆ. ಎಲ್ಲ ಕೇಳಿಸಿಕೊಂಡು "ಅಡಿಗಿ ಯಾರು ಮಾಡ್ತಾರಪ್ಪ?" ಅಂದರು. ದೊಡ್ಡ ಅಡುಗೆಮನೆ ಇದೆ ಎಂದೆ. "ಅಷ್ಟು ಮಂದಿಗೆ ಬ್ಯಾರೆ ದಾರಿ ಇಲ್ಲ ಬಿಡು. ಸಣ್ಣ ಕ್ಯಾಂಪಿನಾಗರ ಹುಡುಗರ ಕೈಗೆ ಒಲಿ ಕೊಡ್ರಿ" ಎಂದರು.

ಹಾಗಾಗಿ ನಮ್ಮ ಹಳೆಯ ಹುಲಿ, ಕೋಗಿಲೆ ಪ್ಯಾಟ್ರೋಲಿನವರು ಸೇರಿ ಮುಖ್ಯೋಪಾಧ್ಯಾಯರಿಗೆ ಒಂದು ಅರ್ಜಿ ಕೊಟ್ಟಿದ್ದೇವೆ. ಬರುವ ಚಳಿಗಾಲದಲ್ಲಿ ಶಾಲೆಯ ದಳವನ್ನು ಕೊಂಡಜ್ಜಿಗೆ ಕರೆದೊಯ್ಯುತ್ತೇವೆ, ಖರ್ಚು ನಮ್ಮದು, ಅಡುಗೆ ಮಕ್ಕಳದೇ. ನಾನು ಈಗ ನಿವೃತ್ತ, ಗಂಟು ಕಟ್ಟುವುದನ್ನೂ ಒಲೆ ಹೂಡುವುದನ್ನೂ ಕಲಿಸಲು ಪ್ರತಿ ಶನಿವಾರ ಬರುತ್ತೇನೆ. ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿಕೊಡಬೇಕು. ಅನುಮಾನವಿದ್ದವರ ಮನೆಗೆ ನಾನೇ ಬಂದು ಮಾತಾಡುತ್ತೇನೆ.