ದಿನಕ್ಕೆ ಎರಡು ಜಿಬಿ ನಿಮಗೆ ಬೇಕಾ?

ಮಲ್ಪೆಯಲ್ಲಿ ಮೀನಿನ ಬೋಟುಗಳು ನಿಲ್ಲುವ ದಕ್ಕೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ಚಾರ್ಜರ್, ಸ್ಕ್ರೀನ್ ಗಾರ್ಡ್ ಎಲ್ಲ ಇದ್ದರೂ ಜನ ಹೆಚ್ಚು ಬರುವುದು ರೀಚಾರ್ಜಿಗೆ. ಬಂದವರು ಮೊಬೈಲ್ ನಂಬರ್ ಹೇಳುವ ಮೊದಲೇ "ದಿನಕ್ಕೆ ಎರಡು ಜಿಬಿದ್ದು ಹಾಕಿ" ಅನ್ನುತ್ತಾರೆ. ಯಾಕೆ ಎರಡು ಅಂದರೆ, "ಎಲ್ಲರೂ ಅದನ್ನೇ ಹಾಕಿಸ್ತಾರಲ್ಲ ಮಾರಾಯ್ರೆ." ನಾನು ಮಾತ್ರ ಕೇಳದೆ ಹಾಕುವುದಿಲ್ಲ. ಹಗಲು ಎಲ್ಲಿರುತ್ತೀರಿ, ಮನೆಯಲ್ಲಿ ವೈಫೈ ಇದೆಯಾ, ವೀಡಿಯೋ ಎಷ್ಟು ಹೊತ್ತು ನೋಡುತ್ತೀರಿ? ಈ ಮೂರು ಗೊತ್ತಾದರೆ ಪ್ಯಾಕ್ ತಾನಾಗಿ ಗೊತ್ತಾಗುತ್ತದೆ.

ನಮ್ಮ ಬೋಟಿನವರನ್ನೇ ನೋಡಿ. ಆಳಸಮುದ್ರಕ್ಕೆ ಹೋದರೆ ಎಂಟು-ಹತ್ತು ದಿನ ವಾಪಸಿಲ್ಲ. ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಸಿಗ್ನಲ್ಲೇ ಇಲ್ಲ. ಆದರೆ ದಿನದ ಲೆಕ್ಕದ ಡೇಟಾ ಅವರಿಗಾಗಿ ಕಾಯುವುದಿಲ್ಲ, ಸಾಮಾನ್ಯವಾಗಿ ರಾತ್ರಿ 12ಕ್ಕೆ ಅವತ್ತಿನದ್ದು ಅವತ್ತಿಗೇ ಮುಗಿಯಿತು. 28 ದಿನಕ್ಕೆ ದಿನಕ್ಕೆ ಒಂದೂವರೆ ಜಿಬಿ ಅಂದರೆ ಒಟ್ಟು 42 ಜಿಬಿ. ಹತ್ತತ್ತು ದಿನದ ಎರಡು ಟ್ರಿಪ್ ಆದರೆ ಅದರಲ್ಲಿ 30 ಜಿಬಿ ನೀರಿಗೆ ಹೋಯಿತು. ಉಳಿದ ಎಂಟು ದಿನ ದಡದಲ್ಲಿರುವಾಗಲೋ, ಊರಿಗೆ ವೀಡಿಯೋ ಕಾಲ್, ಸಿನಿಮಾ, ಕ್ರಿಕೆಟ್ ಅಂತ ಸಂಜೆಯೊಳಗೆ ಒಂದೂವರೆ ಖಾಲಿ. ಸಮುದ್ರದಲ್ಲಿರುವಾಗ ಬಿಡಿಗಾಸಿನಷ್ಟೂ ಬೇಡ, ದಡಕ್ಕೆ ಬಂದಾಗ ಸಾಲದು. ಇಂಥವರಿಗೆ ದಿನದ ಮಿತಿಯ ಪ್ಯಾಕ್ ಯಾವತ್ತೂ ಸರಿಹೊಂದುವುದಿಲ್ಲ. ಕಾಲ್ ಇರುವ ಚಿಕ್ಕ ಪ್ಯಾಕ್ ಹಾಕಿಸಿಕೊಂಡು, ಬೋಟು ದಕ್ಕೆಗೆ ಬಂದಾಗ ಬೇಕಾದಷ್ಟು ಡೇಟಾ ಮೇಲಿಂದ ಆಡ್-ಆನ್ ಹಾಕಿಸಿ ಅನ್ನುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನ ಮಾತ್ರ ಲೆಕ್ಕ ಬೇರೆ. ಆಗ ಎಲ್ಲರೂ ಮನೆಯಲ್ಲಿ, ಹೊರಗೆ ಜಡಿಮಳೆ. ದಿನದ ಪ್ಯಾಕಿಗೆ ಅದೇ ಒಳ್ಳೆಯ ಕಾಲ.

ಇನ್ನೊಂದು ಕಡೆ ನಮ್ಮ ಓಣಿಯ ದೊಡ್ಡಮ್ಮ ಇದ್ದಾರೆ. ಮಂಡಿನೋವಿನಿಂದ ಯಕ್ಷಗಾನದ ಆಟಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ, ಯೂಟ್ಯೂಬಿನಲ್ಲಿ ಲೈವ್ ನೋಡುತ್ತಾರೆ. "ಮಗಾ, ಭಾಗವತರು ಪದ ಎತ್ತಿದ ಹೊತ್ತಿಗೇ ನಿಂತು ಹೋಗ್ತದೆ, ಬರೀ ರೌಂಡ್ ರೌಂಡ್ ತಿರುಗ್ತದೆ, ದೊಡ್ಡ ಪ್ಯಾಕ್ ಹಾಕು" ಅಂದರು. ಫೋನ್ ಇಸಿದುಕೊಂಡು ನೋಡಿದೆ. ಯೂಟ್ಯೂಬ್ ಸೆಟ್ಟಿಂಗಿನಲ್ಲಿ ಮೊಬೈಲ್ ನೆಟ್‌ವರ್ಕಿಗೆ 'ಹೈಯರ್ ಪಿಕ್ಚರ್ ಕ್ವಾಲಿಟಿ' ಅಂತ ಇತ್ತು, ವೀಡಿಯೋ 720ಪಿ ಗುಣಮಟ್ಟದಲ್ಲಿ ಓಡುತ್ತಿತ್ತು. ಆ ಗುಣಮಟ್ಟದಲ್ಲಿ ನೋಡಿದರೆ ಗಂಟೆಗೆ ಒಂದರಿಂದ ಒಂದೂವರೆ ಜಿಬಿ ಬೇಕು, ಅಂದರೆ ಅವರ ಇಡೀ ದಿನದ ಒಂದೂವರೆ ಜಿಬಿ ಆಟದ ಶುರುವಿನ ಒಡ್ಡೋಲಗ ಮುಗಿಯುವಷ್ಟರಲ್ಲೇ ಹೋಗುತ್ತದೆ. 'ಡೇಟಾ ಸೇವರ್' ಒತ್ತಿ, ವೀಡಿಯೋವನ್ನು 360ಕ್ಕೆ ಇಳಿಸಿದೆ. ಈಗ ಗಂಟೆಗೆ ಸುಮಾರು 300 ಎಂಬಿ. ಅಂಗೈಯಷ್ಟು ಸ್ಕ್ರೀನಿನಲ್ಲಿ ಕಿರೀಟ, ಬಣ್ಣ, ಹೆಜ್ಜೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಚೆಂಡೆ-ಮದ್ದಳೆಗೂ ಏನೂ ಕೊರತೆಯಿಲ್ಲ. ಒಂದೂವರೆ ಜಿಬಿಯಲ್ಲಿ ಐದು ಗಂಟೆಯ ಆಟ. ಬೆಳಗಿನವರೆಗಿನ ಆಟವಾದರೆ ನಡುರಾತ್ರಿ 12ಕ್ಕೆ ಮರುದಿನದ ಡೇಟಾ ಬಂದೇ ಬರುತ್ತದಲ್ಲ! ದೊಡ್ಡಮ್ಮನಿಗೆ ದೊಡ್ಡ ಪ್ಯಾಕ್ ಹಾಕಲಿಲ್ಲ.

ಡೇಟಾ ತಿನ್ನುವುದು ಹೆಚ್ಚಾಗಿ ವೀಡಿಯೋ, ಇದೊಂದು ತಲೆಯಲ್ಲಿದ್ದರೆ ಸಾಕು. ವಾಟ್ಸಾಪಿನಲ್ಲಿ ಟೈಪ್ ಮಾಡುವುದು, ಯುಪಿಐಯಲ್ಲಿ ದುಡ್ಡು ಕಳಿಸುವುದು ಲೆಕ್ಕಕ್ಕೇ ಇಲ್ಲ. ಸಾಧಾರಣ ಗುಣಮಟ್ಟದಲ್ಲಿ (128 ಕೆಬಿಪಿಎಸ್) ಹಾಡು ಕೇಳಿದರೆ ಗಂಟೆಗೆ ಸುಮಾರು 58 ಎಂಬಿ. ದುಬೈಯಲ್ಲಿರುವ ಮಕ್ಕಳ ಜೊತೆ ವೀಡಿಯೋ ಕಾಲ್ ಮಾಡುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ, ಬೋಟಿಮ್‌ನಂಥ ಬೇರೆ ಆ್ಯಪ್ ಬೇಕು. ಅದರಲ್ಲೂ ಮುಖ ನೋಡಿ ಮುಗಿದ ಮೇಲೆ ಕ್ಯಾಮರಾ ಆಫ್ ಮಾಡಿ ಮಾತು ಮುಂದುವರಿಸಿದರೆ ಡೇಟಾ ಬಹಳ ಉಳಿಯುತ್ತದೆ.

ಗೊತ್ತಿಲ್ಲದೆ ಸೋರುವುದೂ ಇದೆ. ಗೂಗಲ್ ಫೋಟೋಸ್ ಬ್ಯಾಕಪ್ ಮೊಬೈಲ್ ಡೇಟಾದಲ್ಲಿ ನಡೆಯುತ್ತಿರುತ್ತದೆ, ಪ್ಲೇಸ್ಟೋರ್ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುತ್ತಿರುತ್ತದೆ, ಫ್ಯಾಮಿಲಿ ಗ್ರೂಪಿನ ಮದುವೆ ವೀಡಿಯೋಗಳು ತಾವೇ ಇಳಿಯುತ್ತಿರುತ್ತವೆ. ಮೂರನ್ನೂ ವೈಫೈಗೆ ಮಾತ್ರ ಎಂದು ಇಟ್ಟುಬಿಡಿ.

ಕರೆ ಬಿಟ್ಟು ಬೇರೇನೂ ಬೇಡದವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಬಟನ್ ಫೋನಿನ ಅಜ್ಜಂದಿರು ಎಷ್ಟೋ ಕಾಲ ಬಳಸದ ಡೇಟಾಕ್ಕೂ ದುಡ್ಡು ಕೊಡುತ್ತಿದ್ದರು. 2024ರ ಡಿಸೆಂಬರಿನಲ್ಲಿ ಮೊಬೈಲ್ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದು ನಿಯಮ ತಂದಿತು, ವ್ಯಾಲಿಡಿಟಿ 365 ದಿನದವರೆಗೂ ಇರಬಹುದು. ಇದನ್ನು ಯಾರೂ ಅಜ್ಜನ ಮನೆಬಾಗಿಲಿಗೆ ಬಂದು ಹೇಳುವುದಿಲ್ಲ. ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ಇಡೀ ದಿನ ಮನೆಯ ವೈಫೈಯಲ್ಲೇ ಇರುವವರಿಗೂ ಇದು ಸಾಕಾಗಬಹುದು.

ಮುಂದಿನ ಸಲ ರೀಚಾರ್ಜಿಗೆ ಹೊರಡುವ ಮೊದಲು ಫೋನಿನ ಸೆಟ್ಟಿಂಗಿನಲ್ಲಿ 'ಡೇಟಾ ಯೂಸೇಜ್' ತೆರೆಯಿರಿ. ವೈಫೈಯದ್ದು ಬೇರೆ, ಮೊಬೈಲಿನದ್ದು ಬೇರೆ ತೋರಿಸುತ್ತದೆ. ಮೊಬೈಲಿನದ್ದನ್ನು ಮಾತ್ರ ನೋಡಿ, ಅದು ಎಷ್ಟು ದಿನದ ಲೆಕ್ಕವೋ ಅಷ್ಟರಿಂದ ಭಾಗಿಸಿ. ಅರ್ಧ ಜಿಬಿ ಬಂದರೆ ಎರಡು ಜಿಬಿ ಕೇಳಬೇಡಿ. ಒಂದೂಮುಕ್ಕಾಲು ಬಂದರೆ ಎರಡು ಜಿಬಿದ್ದೇ ಹಾಕಿಸಿ, ಧಾರಾಳವಾಗಿ ಬಳಸಿ.