ಮಸಾಯಿ ಮಾರಾಗೆ ಹೊರಡುವ ಮುನ್ನ

ಆಗಸ್ಟ್‌ನಲ್ಲಿ ಕೀನ್ಯಾದ ವನ್ಯಧಾಮ ಮಸಾಯಿ ಮಾರಾಗೆ ಸಫಾರಿ ಹೊರಟಿರುವ ಗೆಳೆಯರೇ, ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ, ಕನಿಷ್ಠ 10 ದಿನ ಮುಂಚೆ. ಲಸಿಕೆಯ ಕಾರ್ಡ್ ಇಲ್ಲದಿದ್ದರೆ ವಾಪಸ್ ಬಂದಾಗ ಇಲ್ಲಿ ಕ್ವಾರಂಟೈನ್ ಆಗಬಹುದು. ನೈರೋಬಿಯಿಂದ ಮಾರಾಗೆ ಹೋಗುವ ಚಿಕ್ಕ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆಜಿ ಲಗೇಜ್ ಅಷ್ಟೇ, ಅದೂ ಮೆತ್ತನೆ ಬ್ಯಾಗ್‌ನಲ್ಲಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, 2017ರಿಂದ ಅಲ್ಲಿ ನಿಷೇಧ.

ಸ್ವೆಟರ್ ಮಾತ್ರ ಮರೆಯಬೇಡಿ. ಆಫ್ರಿಕಾ ಅಂದ್ರೆ ಸೆಕೆ ಅಂತ ನಾನೂ ಅಂದುಕೊಂಡಿದ್ದೆ. ಮಾರಾ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. ಬೆಳಗಿನ ಆರಕ್ಕೆ ತೆರೆದ ಜೀಪಿನಲ್ಲಿ ಕೈ ಮರಗಟ್ಟುತ್ತದೆ.

ದನದಂತೆ ಕಾಣುವ ಕಾಡುಪ್ರಾಣಿ ವಿಲ್ಡಬೀಸ್ಟ್‌ಗಳು ನದಿ ದಾಟುವುದನ್ನು ನೋಡಲು ದಂಡೆಯಲ್ಲಿ ಮೂರು ಗಂಟೆ ಕಾದೆವು. ಹಿಂಡು ನೀರಿನ ತನಕ ಬಂತು, ನಿಂತಿತು, ತಿರುಗಿ ಹೋಯಿತು. ಈಗ ಜಾಸ್ತಿ ನೆನಪಾಗುವುದು ಆ ಕಾದ ಹೊತ್ತೇ. ಯಾರೂ ಮಾತಾಡುತ್ತಿರಲಿಲ್ಲ.